ಆಕಾಶ ಕೊಡುವುದು ಅವಕಾಶ: ನಾಲ್ಕು ತಾಲೂಕುಗಳ ನಾದ, ನಾಮ, ಜನಪದ



ಪ್ರತಿಷ್ಠಾ ಮಹೋತ್ಸವವು ಭೂಮಿಯ ಮೇಲೆ ನಡೆಯುವ ಕಾರ್ಯವಾದರೂ ಅದರ ಮೊದಲ ಹೆಜ್ಜೆ ಮೂಡುವುದು ಆಕಾಶದಲ್ಲಿ. ಚಪ್ಪರ ಹಾಕುವ ಮೊದಲು, ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು, ಪ್ರತಿಷ್ಠಾಚಾರ್ಯರು ಪಂಚಾಂಗವನ್ನು ಬಿಚ್ಚಿ ತಿಥಿ, ವಾರ, ನಕ್ಷತ್ರ, ಲಗ್ನಗಳನ್ನು ಪರಿಶೀಲಿಸುತ್ತಾರೆ. ಗರ್ಭಕಲ್ಯಾಣದಲ್ಲಿ ಜಿನಮಾತೆಯು ಕಾಣುವ ಹದಿನಾರು ಸ್ವಪ್ನಗಳಲ್ಲಿ ಪೂರ್ಣಚಂದ್ರನಿದ್ದಾನೆ, ಉದಯಿಸುವ ಸೂರ್ಯನಿದ್ದಾನೆ, ದೇವವಿಮಾನವಿದೆ. ಜಿನಜನನಕ್ಕೆ ಮೊದಲೇ ಆಕಾಶದಿಂದ ರತ್ನವೃಷ್ಟಿಯಾಗುತ್ತದೆ. ಕೇವಲಜ್ಞಾನ ಪ್ರಾಪ್ತಿಯಾದ ಬಳಿಕ ದೇವದುಂದುಭಿ ಮೊಳಗುತ್ತದೆ, ಪುಷ್ಪವೃಷ್ಟಿ ಸುರಿಯುತ್ತದೆ. ಪಂಚಕಲ್ಯಾಣದ ದಿನಗಳಲ್ಲಿ ಚಪ್ಪರದೊಳಗೆ ಕುಳಿತವರು ಆಕಾಶದ ಹೆಸರನ್ನು ಎಷ್ಟು ಸಲ ಕೇಳಿದರೆಂದು ಎಣಿಸಲಾಗದು. ಆದರೆ ಅವರಲ್ಲಿ ಎಷ್ಟು ಮಂದಿ ಚಪ್ಪರದ ಹೊರಗೆ ಬಂದು ತಲೆಯೆತ್ತಿ ಆ ಆಕಾಶವನ್ನು ನೋಡಿದರು? ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳ ಹಿರಿಯರು ಆಕಾಶದಿಂದ ಏನನ್ನು ಪಡೆದರು, ಹೇಗೆ ಪಡೆದರು ಎಂಬ ವಿಚಾರವು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಮೊದಲಿಗೆ ಆಕಾಶವೆಂದರೇನು ಎಂಬುದನ್ನು ತಿಳಿಯಬೇಕು. ಜೈನದರ್ಶನದಲ್ಲಿ ಆಕಾಶವು ಆರು ದ್ರವ್ಯಗಳಲ್ಲಿ ಒಂದು. ಜೀವ, ಪುದ್ಗಲ, ಧರ್ಮ, ಅಧರ್ಮ, ಕಾಲ ಎಂಬ ಉಳಿದ ಐದು ದ್ರವ್ಯಗಳಿಗೆ ಇರಲು ಎಡೆ ಕೊಡುವುದೇ ಅದರ ಉಪಕಾರ. ಕನ್ನಡದಲ್ಲಿ ದಿನನಿತ್ಯ ಬಳಸುವ ‘ಅವಕಾಶ’ ಎಂಬ ಮಾತಿನಲ್ಲಿ ಈ ಅರ್ಥವೇ ಅಡಗಿದೆ. ಆಕಾಶವು ಅರೂಪಿ; ಅದಕ್ಕೆ ಬಣ್ಣವಿಲ್ಲ, ಸ್ಪರ್ಶವಿಲ್ಲ. ಕಣ್ಣಿಗೆ ಕಾಣುವ ನೀಲಿಯಾಗಲಿ, ಮೋಡವಾಗಲಿ, ತಾರೆಗಳಾಗಲಿ ಆಕಾಶವಲ್ಲ, ಆಕಾಶದಲ್ಲಿ ಇರುವ ವಸ್ತುಗಳು. ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದು ಹೇಳಿದರು. ಜೈನಾಚಾರ್ಯರು ಅದನ್ನು ಒಪ್ಪಲಿಲ್ಲ. ಶಬ್ದವು ಪುದ್ಗಲದ ಪರ್ಯಾಯ. ಒಂದು ವಸ್ತು ಇನ್ನೊಂದನ್ನು ತಾಗಿದಾಗ ಅದು ಹುಟ್ಟುತ್ತದೆ, ಆಕಾಶವು ಅದಕ್ಕೆ ಎಡೆಯನ್ನು ಮಾತ್ರ ಕೊಡುತ್ತದೆ ಎಂಬುದು ಅವರ ನಿರ್ಣಯ. ಗಾಳಿಯೇ ಇಲ್ಲದೆಡೆ ಗಂಟೆ ಬಾರಿಸಿದರೆ ಸದ್ದು ಕೇಳಿಸದೆಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಈ ನಿರ್ಣಯವು ಪಂಡಿತರ ವಾದಕ್ಕಷ್ಟೇ ಸಂಬಂಧಿಸಿದುದಲ್ಲ. ಆಕಾಶವು ಹಾಡುವುದಿಲ್ಲ, ಹೆಸರಿಡುವುದಿಲ್ಲ, ಕಥೆ ಹೇಳುವುದಿಲ್ಲ. ಅದು ಎಲ್ಲರಿಗೂ ಸಮನಾಗಿ ಎಡೆ ಕೊಡುತ್ತದೆ. ಆ ಎಡೆಯನ್ನು ಹಾಡಿನಿಂದ, ಹೆಸರಿನಿಂದ, ಕಥೆಯಿಂದ ತುಂಬಿದವರು ತಲೆಯೆತ್ತಿ ನೋಡಿದ ಮನುಷ್ಯರು. ನೋಡುವವರು ಇಲ್ಲವಾದರೆ ಆಕಾಶಕ್ಕೆ ನಷ್ಟವಿಲ್ಲ, ಮನುಷ್ಯರಿಗೆ ಇದೆ.

ಹೀಗೆ ನೋಡಿದವರ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಸೇರಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕನಾದ ಬಂಕೇಯನ ಹೆಸರನ್ನು ಹೊತ್ತ ಊರು ಅದು. ಶಕವರ್ಷ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ಬಂಕೇಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಚಕ್ರವರ್ತಿಯು ಭೂದಾನ ಮಾಡಿದ್ದು ಚಂದ್ರಗ್ರಹಣದ ಪುಣ್ಯಕಾಲದಲ್ಲಿ. ಬಂಕೇಯನ ಮಗ ಲೋಕಾದಿತ್ಯನು ಬಂಕಾಪುರದಲ್ಲಿದ್ದು ಬನವಾಸಿ ನಾಡನ್ನು ಆಳುತ್ತಿದ್ದಾಗ ಇಲ್ಲಿ ಒಂದು ಗ್ರಂಥಪೂಜೆ ನಡೆಯಿತು. ಜಿನಸೇನಾಚಾರ್ಯರು ಆರಂಭಿಸಿ ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಉತ್ತರಪುರಾಣದೊಂದಿಗೆ ಪೂರ್ಣಗೊಳಿಸಿದರು. ಭವ್ಯಜನರು ಆ ಪುರಾಣವನ್ನು ಪೂಜಿಸಿದರು. ಗ್ರಂಥದ ಕೊನೆಯ ಪ್ರಶಸ್ತಿಯು ಆ ದಿನವನ್ನು ಶಕವರ್ಷ 820, ಪಿಂಗಳ ಸಂವತ್ಸರ, ಪಂಚಮಿ, ಗುರುವಾರ ಎಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಲಗ್ನ ಸಿಂಹ, ಕುಜನು ಧನುಸ್ಸಿನಲ್ಲಿ, ರಾಹುವು ತುಲೆಯಲ್ಲಿ, ಶುಕ್ರನು ಕರ್ಕದಲ್ಲಿ, ಗುರುವು ವೃಷಭದಲ್ಲಿ ಎಂದು ಆ ಹೊತ್ತಿನ ಆಕಾಶವನ್ನೇ ಪದ್ಯದಲ್ಲಿ ಬರೆದಿಟ್ಟಿದೆ.

ಕ್ರಿ.ಶ. 897-98ರ ಆ ಬರಹದ ಮಹತ್ವವನ್ನು ಯೋಚಿಸಿ ನೋಡಬೇಕು. ಅಂದಿನ ಬಂಕಾಪುರದ ಮನೆಗಳು ಉಳಿದಿಲ್ಲ, ಲೋಕಾದಿತ್ಯನ ಅರಮನೆ ಉಳಿದಿಲ್ಲ, ಪೂಜೆಗೆ ನೆರೆದವರ ಹೆಸರುಗಳೂ ಉಳಿದಿಲ್ಲ. ಆದರೆ ಅವರ ನೆತ್ತಿಯ ಮೇಲಿದ್ದ ಗ್ರಹಗಳ ಸ್ಥಾನ ಉಳಿದಿದೆ. ಗುರುಗ್ರಹವು ಸುಮಾರು 12 ವರ್ಷಕ್ಕೊಮ್ಮೆ ಅದೇ ವೃಷಭಕ್ಕೆ ಮರಳುತ್ತದೆ. ಪಿಂಗಳ ಸಂವತ್ಸರವು 60 ವರ್ಷಕ್ಕೊಮ್ಮೆ ಮರಳುತ್ತದೆ. 1977-78ರಲ್ಲಿ ಬಂದುಹೋಗಿದೆ, 2037-38ರಲ್ಲಿ ಮತ್ತೆ ಬರುತ್ತದೆ. ರಾಜರ ಲೆಕ್ಕ ಅಳಿಸಿಹೋದರೂ ಆಕಾಶದ ಲೆಕ್ಕ ಅಳಿಸದೆಂಬ ಅರಿವು ಆ ಪ್ರಶಸ್ತಿಯನ್ನು ಬರೆದವರಿಗಿತ್ತು.

ಆಕಾಶವು ಕಾವ್ಯಕ್ಕೆ ಪ್ರೇರಣೆಯಾದ ಬಗೆಯನ್ನೂ ಈ ಗುರುಪರಂಪರೆಯಲ್ಲಿಯೇ ಕಾಣಬಹುದು. ಗುಣಭದ್ರರ ಗುರುಗಳಾದ ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ ಎಂಬ ಕಾವ್ಯವನ್ನು ರಚಿಸಿದರು. ಕಾಳಿದಾಸನ ‘ಮೇಘದೂತ’ದ ಸಾಲುಗಳನ್ನೇ ತೆಗೆದುಕೊಂಡು, ತಮ್ಮ ಪ್ರತಿಯೊಂದು ಪದ್ಯದಲ್ಲಿಯೂ ಅದರ ಒಂದೋ ಎರಡೋ ಸಾಲುಗಳನ್ನು ಹೊಂದಿಸಿ ಭಗವಾನ್ ಪಾರ್ಶ್ವನಾಥರ ಚರಿತ್ರೆಯನ್ನು ಹೇಳಿದ ಅಪೂರ್ವ ಕೃತಿ ಅದು. ಮೇಘದೂತದಲ್ಲಿ ಮೋಡವು ವಿರಹಿಯ ಸಂದೇಶವಾಹಕ. ಪಾರ್ಶ್ವನಾಥರ ಕಥೆಯಲ್ಲಾದರೋ ಮೋಡವು ವೈರಿಯ ಆಯುಧ. ಕಮಠನ ಜೀವವು ಜನ್ಮಜನ್ಮಾಂತರದ ದ್ವೇಷದಿಂದ ಬಿರುಮಳೆಯನ್ನು ಸುರಿಸಿದಾಗ ಧರಣೇಂದ್ರನು ಹೆಡೆಯೆತ್ತಿ ನಿಂತದ್ದನ್ನು, ಭಗವಂತನು ಧ್ಯಾನದಿಂದ ಕದಲದೆ ಇದ್ದುದನ್ನು ಬಸದಿಯ ವಿಗ್ರಹದಲ್ಲಿ ಪ್ರತಿದಿನವೂ ಕಾಣಬಹುದು. ಅದೇ ಮೋಡ ಒಬ್ಬ ಕವಿಗೆ ಶೃಂಗಾರವಾಯಿತು, ಇನ್ನೊಬ್ಬರಿಗೆ ಸಮತೆಯ ಪರೀಕ್ಷೆಯಾಯಿತು. ಮೋಡ ಬದಲಾಗಲಿಲ್ಲ, ನೋಡಿದ ಕಣ್ಣು ಬೇರೆಯಾಗಿತ್ತು.

ತೀರ್ಥಂಕರರ ವೈರಾಗ್ಯದ ಕಾರಣಗಳನ್ನು ಪುರಾಣಗಳು ಹೇಳುವಾಗಲೂ ಆಕಾಶವು ಮತ್ತೆ ಮತ್ತೆ ಬರುತ್ತದೆ. ಅಜಿತನಾಥ ಸ್ವಾಮಿಯು ಉಲ್ಕೆಯೊಂದು ಉರಿದು ಬೀಳುವುದನ್ನು ಕಂಡು ವಿರಕ್ತನಾದನು. ಶಂಭವನಾಥ ಸ್ವಾಮಿಗೆ ಕರಗಿಹೋದ ಮೋಡವೇ ಗುರುವಾಯಿತು. ಅಭಿನಂದನ ಸ್ವಾಮಿಯು ಮೋಡಗಳಲ್ಲಿ ನಗರದಂತೆ ಮೂಡಿದ ಆಕೃತಿಯು ನೋಡನೋಡುತ್ತಿದ್ದಂತೆ ಅಳಿದುದನ್ನು ಕಂಡು ರಾಜ್ಯವನ್ನು ತ್ಯಜಿಸಿದನು. ಉಲ್ಕೆಗಳು ಪ್ರತಿರಾತ್ರಿಯೂ ಬೀಳುತ್ತವೆ, ಮೋಡಗಳು ಪ್ರತಿದಿನವೂ ಕರಗುತ್ತವೆ. ಕೋಟಿ ಜನ ಕಂಡು ಸುಮ್ಮನಾದುದನ್ನು ಒಬ್ಬನು ಕಂಡು ಎಚ್ಚೆತ್ತನು. ಆ ಅಜಿತನಾಥರ ಚರಿತ್ರೆಯನ್ನು 993ರಲ್ಲಿ ಕನ್ನಡದಲ್ಲಿ ಹೇಳಿದ ಕವಿಚಕ್ರವರ್ತಿ ರನ್ನನ ಗುರುಗಳು ಬಂಕಾಪುರದ ಅಜಿತಸೇನಾಚಾರ್ಯರು. ಆ ಪುರಾಣಕ್ಕೆ ಆಶ್ರಯವಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ. ಹೀಗೆ ಆಕಾಶದಿಂದ ಬಿದ್ದ ಆ ಉಲ್ಕೆಯ ಕಿಡಿ ಕನ್ನಡ ಕಾವ್ಯವನ್ನು ಸೇರಿದ ದಾರಿಯಲ್ಲಿ ಬಂಕಾಪುರವೂ ಒಂದು ನಿಲುದಾಣ.

ಬಂಕಾಪುರದ ಕೋಟೆಯಲ್ಲಿ ಇಂದು ನವಿಲುಗಳಿವೆ. 2006ರಲ್ಲಿ ಆ ಪ್ರದೇಶವನ್ನು ನವಿಲುಧಾಮವೆಂದು ಸರ್ಕಾರ ಘೋಷಿಸಿತು. ಮುಗಿಲು ಕವಿದಾಗ ಗರಿಗೆದರಿ ಕುಣಿಯುವ ನವಿಲು ಮಳೆಗಾಲ ಮುಗಿಯುತ್ತಿದ್ದಂತೆ ತನ್ನ ಗರಿಗಳನ್ನು ತಾನೇ ಉದುರಿಸುತ್ತದೆ. ಹಾಗೆ ತಾನಾಗಿ ಉದುರಿದ ಗರಿಗಳಿಂದಲೇ ದಿಗಂಬರ ಮುನಿಗಳ ಪಿಂಛಿ ಸಿದ್ಧವಾಗುತ್ತದೆ. ಚಾತುರ್ಮಾಸದ ಕೊನೆಯಲ್ಲಿ ಪಿಂಛಿ ಪರಿವರ್ತನೆಯ ಕಾರ್ಯಕ್ರಮ ನಡೆಯುವುದಕ್ಕೂ ಈ ಋತುಧರ್ಮಕ್ಕೂ ಇರುವ ಹೊಂದಾಣಿಕೆಯನ್ನು ಗಮನಿಸಬೇಕು. ಮೋಡವು ನವಿಲನ್ನು ಕುಣಿಸಿತು, ನವಿಲು ಗರಿಯನ್ನು ಬಿಟ್ಟಿತು, ಆ ಗರಿ ಅಹಿಂಸೆಯ ಉಪಕರಣವಾಯಿತು. ಯಾರಿಗೂ ನೋವಾಗದೆ ಆಕಾಶದ ಕೊಡುಗೆ ಮುನಿಯ ಕೈ ಸೇರಿತು.

ಇನ್ನು ಹೆಸರುಗಳ ವಿಚಾರ. ಎಂಟನೆಯ ತೀರ್ಥಂಕರನ ಹೆಸರು ಚಂದ್ರಪ್ರಭ, ಲಾಂಛನ ಚಂದ್ರ. ಶ್ರಾವಕರ ಮನೆಗಳಲ್ಲಿ ಚಂದ್ರಪ್ರಭ, ಚಂದ್ರಕಾಂತ, ಶಶಿಕಲಾ, ತಾರಾದೇವಿ, ರೋಹಿಣಿ, ರೇವತಿ ಎಂಬ ಹೆಸರುಗಳಿಗೆ ಎಂದೂ ಬರಗಾಲ ಬಂದಿಲ್ಲ. ಬಂಕಾಪುರದ ಅರಸನ ಹೆಸರಿನಲ್ಲಿ ಲೋಕದ ಆದಿತ್ಯನೇ ಇದ್ದಾನೆ. ದಿಗಂಬರ ಎಂಬ ಪದದಲ್ಲಿ ದಿಕ್ಕುಗಳೇ ವಸ್ತ್ರ. ಅಂಬರ ಎಂಬ ಮಾತಿಗೆ ಬಟ್ಟೆಯೆಂದೂ ಆಕಾಶವೆಂದೂ ಎರಡರ್ಥ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಹೆಸರಿನಲ್ಲಿರುವ ತಾರಕ ಎಂಬ ಪದಕ್ಕೂ ಹಾಗೆಯೇ ದಾಟಿಸುವವನೆಂದು ಒಂದರ್ಥ, ನಕ್ಷತ್ರವೆಂದು ಇನ್ನೊಂದರ್ಥ. ರಾತ್ರಿಯ ಪಯಣಿಗನಿಗೆ ದಿಕ್ಕು ತೋರಿ ದಾಟಿಸುವುದು ನಕ್ಷತ್ರವಾದುದರಿಂದ ಈ ಎರಡು ಅರ್ಥಗಳು ದೂರದವಲ್ಲ. ಸಂಸಾರಸಾಗರವನ್ನು ದಾಟಿಸುವ ತೀರ್ಥವನ್ನು ಕಟ್ಟಿದವನೇ ತೀರ್ಥಂಕರನೆಂಬುದನ್ನು ನೆನೆದರೆ, ಪಂಥ ಯಾವುದಾದರೂ ಈ ನಾಡಿನ ಜನ ದೇವರಿಂದ ಬಯಸಿದ್ದು ಒಂದನ್ನೇ ಎಂದು ತಿಳಿಯುತ್ತದೆ.

ಲೆಕ್ಕದ ಶಾಸ್ತ್ರದಲ್ಲಿಯೂ ಆಕಾಶದ ಹೆಸರಿದೆ. ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯರೂ ಇತರ ಗಣಿತಜ್ಞರೂ ಅಂಕಿಗಳಿಗೆ ಬದಲಾಗಿ ವಸ್ತುಗಳ ಹೆಸರನ್ನು ಬಳಸುತ್ತಿದ್ದರು. ಅಲ್ಲಿ ಚಂದ್ರನೆಂದರೆ ಒಂದು. ಗಗನ, ಅಂಬರ, ವ್ಯೋಮವೆಂದರೆ ಸೊನ್ನೆ. ಬಿಡಿಸ್ಥಾನದಿಂದ ಎಣಿಸುವುದು ಪದ್ಧತಿಯಾದುದರಿಂದ ಗಗನ, ಗಗನ, ಚಂದ್ರ ಎಂದರೆ ನೂರು. ಸೊನ್ನೆಗೆ ತನ್ನದೇ ಬೆಲೆಯಿಲ್ಲ, ಆದರೆ ಅದು ಎಡೆ ಕೊಟ್ಟಾಗ ಒಂದು ನೂರಾಗುತ್ತದೆ. ಆಕಾಶದ ಗುಣವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಊರೂರಿನ ಶಾಸನಕಲ್ಲುಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಕೊಟ್ಟ ದಾನವು ಆಚಂದ್ರಾರ್ಕವಾಗಿ ನಡೆಯಲಿ, ಸೂರ್ಯಚಂದ್ರರು ಇರುವವರೆಗೂ ನಿಲ್ಲಲಿ ಎಂಬುದು ಅದರ ಅಭಿಪ್ರಾಯ. ಓದು ಬಾರದ ಒಕ್ಕಲಿಗನೂ ಆ ಎರಡು ಗುರುತುಗಳನ್ನು ಕಂಡು, ಇದು ಅಳಿಸಬಾರದ ಮಾತು ಎಂದು ಅರಿಯುತ್ತಿದ್ದನು.

ಈ ಸೀಮೆಯ ಭೂಮಿಯು ಪಡುವಲಲ್ಲಿ ಮಲೆನಾಡಿನ ಸೆರಗು, ಮೂಡಲಲ್ಲಿ ಬಯಲು. ಹಾನಗಲ್ಲಿನ ಗದ್ದೆಗೆ ಸಾಕಾಗಿ ಮಿಕ್ಕ ಮಳೆ ಸವಣೂರಿನ ಎರೆಹೊಲಕ್ಕೆ ಸಾಲದೆ ಹೋಗುವುದುಂಟು. ಆದುದರಿಂದ ರೈತನು ಆಕಾಶವನ್ನು ಓದಲೇಬೇಕಾಗಿತ್ತು. ಅವನು ಮಳೆಯನ್ನು ತಿಂಗಳಿನಿಂದ ಎಣಿಸಲಿಲ್ಲ, ನಕ್ಷತ್ರದಿಂದ ಎಣಿಸಿದನು. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಅವನ ಲೆಕ್ಕ ಸಾಗುತ್ತದೆ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಸುತ್ತುವುದರಿಂದ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಜೂನ್ ಮೊದಲ ವಾರದ ಕೊನೆಗೆ ಸೂರ್ಯನು ಮೃಗಶಿರವನ್ನು ಪ್ರವೇಶಿಸಿದನೆಂದರೆ ‘ಮಿರಗ ಕೂಡಿತು’ ಎಂದು ಕೂರಿಗೆ ಹೊರಬೀಳುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯು ನಕ್ಷತ್ರವನ್ನು ಅಡುಗೆಮನೆಗೇ ತಂದು ಕೂರಿಸುತ್ತದೆ.

ಇಲ್ಲಿ ಅಚ್ಚರಿಯ ಸಂಗತಿಯೊಂದಿದೆ. ಮಿರಗದ ಮಳೆ ಸುರಿಯುವಾಗ ಮೃಗಶಿರ ನಕ್ಷತ್ರವು ಆಕಾಶದಲ್ಲಿ ಕಾಣಿಸುವುದಿಲ್ಲ. ಸೂರ್ಯನು ಅದೇ ಸ್ಥಾನದಲ್ಲಿರುವುದರಿಂದ ಅದು ಅವನ ಬೆಳಕಿನಲ್ಲಿ ಅಡಗಿ, ಅವನೊಡನೆಯೇ ಉದಯಿಸಿ ಅವನೊಡನೆಯೇ ಅಸ್ತಮಿಸುತ್ತದೆ. ಅದನ್ನು ಕಾಣಬೇಕಾದರೆ ಮಾರ್ಗಶಿರ ಮಾಸದ ಚಳಿಯ ರಾತ್ರಿಗಳಿಗೆ ಕಾಯಬೇಕು. ಎಂದರೆ ಅಕ್ಷರ ಬಾರದ ರೈತನು ತನ್ನ ಮಳೆಗೆ ಹೆಸರಿಟ್ಟಿದ್ದು ಆಗ ಕಣ್ಣಿಗೆ ಕಾಣದ ನಕ್ಷತ್ರದಿಂದ. ಕಾಣದಿದ್ದರೂ ಅದು ಎಲ್ಲಿದೆಯೆಂದು ಹಿರಿಯರ ಲೆಕ್ಕದಿಂದ ಅವನಿಗೆ ಗೊತ್ತಿತ್ತು. ಇದು ಕಣ್ಣಿನ ನೋಟವಲ್ಲ, ಅರಿವಿನ ನೋಟ.

ಈ ಲೆಕ್ಕವು ಶ್ರಾವಕನ ವ್ರತವನ್ನೂ ರೈತನ ಹೊಲವನ್ನೂ ಒಂದೇ ನಕ್ಷತ್ರದಲ್ಲಿ ಕೂಡಿಸುತ್ತದೆ. ಭಗವಾನ್ ಮಹಾವೀರರ ನಿರ್ವಾಣವಾದದ್ದು ದೀಪಾವಳಿಯ ಅಮಾವಾಸ್ಯೆಯ ಬೆಳಗಿನ ಜಾವ, ಚಂದ್ರನು ಸ್ವಾತಿ ನಕ್ಷತ್ರದಲ್ಲಿದ್ದಾಗ. ಅಮಾವಾಸ್ಯೆಯೆಂದರೆ ಸೂರ್ಯಚಂದ್ರರು ಜೊತೆಗೂಡುವ ದಿನ. ಆದುದರಿಂದ ಚಂದ್ರನು ಸ್ವಾತಿಯಲ್ಲಿದ್ದನೆಂದರೆ ಸೂರ್ಯನೂ ಅದರ ಆಸುಪಾಸಿನಲ್ಲಿಯೇ ಇದ್ದನು. ರೈತನ ಲೆಕ್ಕದಲ್ಲಿ ಅದು ಸ್ವಾತಿ ಮಳೆಯ ಕಾಲ. ಸ್ವಾತಿಯ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುವುದೆಂದು ಜನಪದರು ನಂಬಿದರು. ಸ್ವಾತಿಯ ಅಮಾವಾಸ್ಯೆಯಲ್ಲಿ ಒಂದು ಜೀವವು ಮುಕ್ತವಾಯಿತೆಂದು ಶ್ರಾವಕರು ದೀಪ ಹಚ್ಚಿದರು. ಮುತ್ತು ಮತ್ತು ಮುಕ್ತಿ ಎರಡನ್ನೂ ಈ ನಾಡಿನ ಜನ ಒಂದೇ ನಕ್ಷತ್ರದ ಕೆಳಗೆ ಕಂಡರು.

ಮಳೆ ತಡವಾದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಹೊರಡುತ್ತದೆ. ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನಿಟ್ಟು ಹುಡುಗನೊಬ್ಬನು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾನೆ. ಮನೆಯ ತಾಯಿ ಅದರ ಮೇಲೆ ನೀರು ಸುರಿಯುತ್ತಾಳೆ. ಆಕಾಶ ಮಾಡಬೇಕಾದುದನ್ನು ತಾನು ಮಾಡಿ ತೋರಿಸಿ ಅದಕ್ಕೆ ನೆನಪು ಮಾಡಿಕೊಡುವ ರೀತಿ ಇದು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರನು ಭೂಮಿಯ ಕಷ್ಟವನ್ನು ಕಂಡು ಮೇಲಕ್ಕೆ ಹೋಗಿ ಹೇಳಿ ಮಳೆ ತರಿಸುತ್ತಾನೆಂದು ಹಾಡುತ್ತಾರೆ. ಹಿರೇಕೆರೂರು ಸೀಮೆಯ ಮಾಸೂರಿನ ಬಳಿ ಕುಮುದ್ವತಿ ನದಿಗೆ ಕಟ್ಟಿದ ಮದಗದ ಕೆರೆಯಿದೆ. ಮದಗದ ಕೆರೆಗೆ ಬಂದ ಮಳೆಯನ್ನು ಕುರಿತ ಪ್ರಸಿದ್ಧ ಜಾನಪದ ಗೀತೆಯ ಕೆರೆ ತಮ್ಮದೇ ಎಂದು ಈ ಭಾಗದವರೂ ಹೇಳುತ್ತಾರೆ, ಕಡೂರು ಭಾಗದವರೂ ಹೇಳುತ್ತಾರೆ. ಒಂದು ಮಳೆಯ ಹಾಡಿಗಾಗಿ ಎರಡು ಸೀಮೆಗಳು ಪ್ರೀತಿಯಿಂದ ಸ್ಪರ್ಧಿಸುವುದು ಸಂತೋಷದ ಸಂಗತಿ. ಆ ನದಿಯ ಹೆಸರಿನಲ್ಲಿಯೂ ಆಕಾಶವಿದೆ. ಕುಮುದವೆಂದರೆ ಚಂದ್ರನನ್ನು ಕಂಡು ಅರಳುವ ನೈದಿಲೆ. ಇಂತಹ ಹಾಡು, ಆಚರಣೆ, ಗಾದೆಗಳ ಅಧ್ಯಯನಕ್ಕೆಂದೇ 2011ರಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು.

ಶಿಗ್ಗಾವಿ ತಾಲೂಕಿನವರೇ ಆದ ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದ ತತ್ತ್ವಪದವನ್ನು ಕೇಳದ ಕನ್ನಡಿಗರಿಲ್ಲ. ಆ ಪದದಲ್ಲಿ ಶರೀಫರು ದೂರುವುದು ಮಳೆಯನ್ನಲ್ಲ, ಮನೆಯನ್ನು ಸೋರಗೊಟ್ಟ ಅಜ್ಞಾನವನ್ನು. ಕರ್ಮದ ಆಸ್ರವ ಸಂವರಗಳನ್ನು ಬಲ್ಲ ಜೈನ ಶ್ರೋತೃವಿಗೆ ಈ ಮಾತಿನ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರಿಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ ಕವನಸಂಕಲನದ ಹೆಸರು ‘ದ್ಯಾವಾ ಪೃಥಿವೀ’, ಎಂದರೆ ಆಕಾಶ ಮತ್ತು ಭೂಮಿ.

ಸಂಗೀತದ ವಿಚಾರಕ್ಕೆ ಬಂದರೆ ಹಾನಗಲ್ಲ ತಾಲೂಕು ಕೈಮುಗಿದು ನೆನೆಯಬೇಕಾದ ಸ್ಥಳ. ಗಾನಯೋಗಿ ಪಂಚಾಕ್ಷರ ಗವಾಯಿಗಳು 1892ರಲ್ಲಿ ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರು ಹುಟ್ಟಿನಿಂದಲೇ ದೃಷ್ಟಿಹೀನರು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಅವರಿಗೆ ಆಶ್ರಯವಿತ್ತು ಸಂಗೀತ ವಿದ್ಯೆಯನ್ನು ಕೊಡಿಸಿದರು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ ಪುಟ್ಟರಾಜ ಗವಾಯಿಗಳು 1914ರಲ್ಲಿ ಇದೇ ತಾಲೂಕಿನ ದೇವರ ಹೊಸಪೇಟೆಯಲ್ಲಿ ಜನಿಸಿ ಹಸುಳೆಯಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿ ಸಾವಿರಾರು ಅಂಧ, ಅನಾಥ ಮಕ್ಕಳಿಗೆ ನಾದದ ಬೆಳಕನ್ನು ಕೊಟ್ಟವರು ಈ ಗುರುಶಿಷ್ಯರು.

ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತಿನ ನಿಯಮವುಂಟು. ನಸುಕಿಗೆ ಭೈರವ, ಹೊತ್ತೇರಿದ ಮೇಲೆ ತೋಡಿ, ನಡುಹಗಲಿಗೆ ಸಾರಂಗ, ಸೂರ್ಯ ಮುಳುಗುವಾಗ ಮಾರವಾ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿಗೆ ಮಾಲಕಂಸ, ಚಂದ್ರಕಂಸ. ಮಳೆಗಾಲಕ್ಕೆ ಮೇಘ, ಮಲ್ಹಾರ. ಹಗಲೂ ರಾತ್ರಿಯೂ ಕೂಡುವ ಹೊತ್ತಿನ ಭೈರವ, ಮಾರವಾದಂತಹ ರಾಗಗಳನ್ನು ಸಂಧಿಪ್ರಕಾಶ ರಾಗಗಳೆಂದು ಕರೆದು ಅವುಗಳಲ್ಲಿ ಕೋಮಲ ರಿಷಭವನ್ನು ಲಕ್ಷಣವಾಗಿ ಗುರುತಿಸುತ್ತಾರೆ. ಆಕಾಶದ ಬೆಳಕು ಮೃದುವಾಗುವ ಹೊತ್ತಿಗೆ ಸ್ವರವೂ ಕೋಮಲವಾಗುತ್ತದೆ. ಈ ವಿದ್ಯೆಯನ್ನು ಆಕಾಶವನ್ನೇ ಕಾಣದವರು ಕಲಿತರು, ಕಲಿಸಿದರು. ಸೂರ್ಯೋದಯದ ಕೆಂಪನ್ನು ಕಾಣದ ಬಾಲಕನು ಭೈರವದ ರಿಷಭದಲ್ಲಿ ಬೆಳಗನ್ನು ಅರಿತನು. ಕಾಣದ ನಕ್ಷತ್ರದಿಂದ ಮಳೆಯನ್ನು ಹೆಸರಿಸಿದ ರೈತನಂತೆಯೇ ಕಾಣದ ಆಕಾಶವನ್ನು ಸ್ವರದಲ್ಲಿ ಹಿಡಿದವರು ಈ ಗವಾಯಿಗಳು. ಹಾನಗಲ್ಲೆಂಬ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ದೇಶವಿದೇಶಗಳಲ್ಲಿ ಬೆಳಗಿದ ಗಂಗೂಬಾಯಿ ಹಾನಗಲ್ಲರ (1913–2009) ಕಂಠದಲ್ಲಿಯೂ ಮಾರವಾ, ಚಂದ್ರಕಂಸಗಳು ನೆಲೆಗೊಂಡಿದ್ದವು.

ಇಷ್ಟನ್ನೂ ಕೇಳಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳಬೇಕು. ಜೈನ ಗೃಹಸ್ಥನ ಮನೆಯಲ್ಲಿ ಆಕಾಶವನ್ನು ನೋಡುವುದು ಒಂದು ಕಾಲಕ್ಕೆ ಧರ್ಮಾಚರಣೆಯೇ ಆಗಿತ್ತು. ಅನಸ್ತಮಿತ ವ್ರತವನ್ನು ಪಾಲಿಸುವ ಮನೆಯ ತಾಯಿ ಸಂಜೆ ಹಿತ್ತಲ ಬಾಗಿಲಿಗೆ ಬಂದು ಪಡುವಣವನ್ನು ನೋಡಿ, ಹೊತ್ತು ಇನ್ನೂ ಇದೆ, ಉಣ್ಣಲು ಬನ್ನಿ ಎಂದು ಮಕ್ಕಳನ್ನು ಕರೆಯುತ್ತಿದ್ದಳು. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ಚಂದ್ರನ ಕಲೆಯಿಂದಲೇ ತಿಳಿಯುವ ಅಜ್ಜಿಯರಿದ್ದರು. ಮುನಿಗಳ ವಿಹಾರ ನಿಲ್ಲುವುದೂ ಮತ್ತೆ ತೊಡಗುವುದೂ ಮಳೆಗಾಲವನ್ನು ಅನುಸರಿಸಿಯೇ. ಇಂದು ಸೂರ್ಯಾಸ್ತದ ನಿಮಿಷವನ್ನು ಗೋಡೆಯ ಕ್ಯಾಲೆಂಡರ್ ಹೇಳುತ್ತದೆ, ಕೈಯ ಮೊಬೈಲ್ ಹೇಳುತ್ತದೆ. ವ್ರತಪಾಲನೆಗೆ ಅದರಿಂದ ಅನುಕೂಲವಾಗಿದೆ, ದೂರುವ ಕಾರಣವಿಲ್ಲ. ಆದರೆ ಹಿತ್ತಲ ಬಾಗಿಲಿಗೆ ಹೋಗುವ ಹೆಜ್ಜೆ ನಿಂತಿದೆ. ಕೊಳವೆಬಾವಿ ಬಂದ ಹೊಲದಲ್ಲಿ ಮಿರಗದ ನೆನಪು ಮಸುಕಾಗುತ್ತಿದೆ. ಬೀದಿದೀಪದ ಕೆಳಗೆ ಬೆಳೆದ ಮಗುವಿಗೆ ರೋಹಿಣಿಯೆಂದರೆ ತರಗತಿಯ ಗೆಳತಿ, ಸ್ವಾತಿಯೆಂದರೆ ನೆರೆಮನೆಯ ಅಕ್ಕ. ಆ ಹೆಸರುಗಳು ತಲೆಯ ಮೇಲೆ ಹೊಳೆಯುತ್ತವೆಂದು ಹೇಳಿದವರಾರು? ಅವುಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆಯ ಒಡವೆ ಕಳೆದರೆ ಹುಡುಕುತ್ತಾರೆ. ನಕ್ಷತ್ರದ ಹೆಸರು ಕಳೆದರೆ ಕಳೆದದ್ದೇ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ದೊಡ್ಡದಲ್ಲ, ವೆಚ್ಚದ್ದೂ ಅಲ್ಲ. ಹೊಸ ಬಸದಿಯ ಅಂಗಳ ವಿಶಾಲವಾಗಿದೆ. ತಿಂಗಳಿಗೊಮ್ಮೆ, ಚಂದ್ರನಿಲ್ಲದ ರಾತ್ರಿ, ಆರತಿಯ ನಂತರ ಅಂಗಳದ ದೀಪಗಳನ್ನು ಅರ್ಧ ಗಂಟೆ ಆರಿಸಿ, ಬಲ್ಲ ಹಿರಿಯರು ಮಕ್ಕಳಿಗೆ ನಾಲ್ಕು ನಕ್ಷತ್ರಗಳನ್ನು ಬೆರಳಿಟ್ಟು ತೋರಿಸಿದರೆ ಸಾಕು. ಆಯಾ ಊರಿನ ಯುವಕರು ತಮ್ಮ ಮನೆಯ ಅಜ್ಜ ಅಜ್ಜಿಯರಿಂದ ಮಳೆಯ ಹೆಸರುಗಳನ್ನೂ ಗಾದೆಗಳನ್ನೂ ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೂ ಒಂದು ಶಾಸ್ತ್ರದಾನ. ಬಸದಿಯ ಗೋಡೆಯಲ್ಲಿ ಕೂರಿಸುವ ಪ್ರತಿಷ್ಠಾಶಿಲೆಯಲ್ಲಿ ದಾನಿಗಳ ಹೆಸರಿನ ಪಟ್ಟಿ ಇರುವುದು ಸರಿಯೇ. ಅದರ ಕೆಳಗೆ ಎರಡು ಸಾಲು ಹೆಚ್ಚಿಗೆ ಕೆತ್ತಿಸಿ, ಪ್ರತಿಷ್ಠೆಯ ಲಗ್ನದಲ್ಲಿ ಸೂರ್ಯನೆಲ್ಲಿದ್ದನು, ಚಂದ್ರನು ಯಾವ ನಕ್ಷತ್ರದಲ್ಲಿದ್ದನು, ಗುರು ಶುಕ್ರ ಕುಜರು ಯಾವ ರಾಶಿಯಲ್ಲಿದ್ದರು ಎಂಬುದನ್ನೂ ಬರೆಯಿಸಬೇಕು. ಬಂಕಾಪುರದವರು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ ಕೆಲಸ ಅದು. ಮುಂದೆಂದೋ ಆ ಕಲ್ಲನ್ನು ಓದುವವನು ಹೊರಗೆ ಬಂದು ತಲೆಯೆತ್ತಿ ನೋಡಿದರೆ, ಅದೇ ಗುರು, ಅದೇ ಶುಕ್ರ, ಅದೇ ಚಂದ್ರ ಅವನಿಗೂ ಕಾಣಿಸುತ್ತಾರೆ. ಆಗ ಇಂದಿನ ಜನ ಅವನಿಗೆ ಅಪರಿಚಿತರಾಗಿ ಉಳಿಯುವುದಿಲ್ಲ.

ಆಕಾಶವು ಕೊಡುವುದು ಅವಕಾಶವನ್ನು ಮಾತ್ರ. ಅದನ್ನು ಹಾಡಾಗಿ, ಹೆಸರಾಗಿ, ವ್ರತವಾಗಿ ಮಾಡಿಕೊಳ್ಳುವುದು ಜೀವದ ಪುರುಷಾರ್ಥ. ಈ ಜಿನಬಿಂಬದ ಮುಂದೆ ಕೈಮುಗಿದು ಹೊರಬಂದ ಪ್ರತಿಯೊಬ್ಬರೂ ಇಂದು ರಾತ್ರಿ ಮನೆ ಸೇರುವ ಮುನ್ನ ಒಂದು ಕ್ಷಣ ನಿಂತು, ಮಗುವಿನ ಕೈ ಹಿಡಿದು ಮೇಲೆ ನೋಡಲಿ. ಮಗು ಹೆಸರು ಕೇಳಿದರೆ ಹೇಳಲಿ. ತಿಳಿಯದಿದ್ದರೆ ನಾಳೆ ಹಿರಿಯರನ್ನು ಕೇಳಿ ತಿಳಿದು ಹೇಳಲಿ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.